ಮೂವತ್ತು ಸಾವಿರ ಅಂದರು, 22,900 ಬಂತು: ನಡುವಿನ ಹಣ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಮುಧೋಳ ತಾಲೂಕಿನವನು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಳಗಾವಿಯ ಮಚ್ಛೆಯಲ್ಲಿ ಒಂದು ಕಂಪನಿಗೆ ಸೇರಿದ್ದೇನೆ. ಇದೇ ಮೊದಲ ಕೆಲಸ. ವರ್ಷಕ್ಕೆ 3.60 ಲಕ್ಷ ಸಿಟಿಸಿ ಅಂದಿದ್ದರು. ತಿಂಗಳಿಗೆ 30,000 ಅಂತ ಮನೆಯಲ್ಲಿ ಹೇಳಿಬಿಟ್ಟೆ. ಹದಿನಾರನೇ ತಾರೀಖಿಗೆ ಸೇರಿದ್ದರಿಂದ ಮೊದಲ ತಿಂಗಳು 11,550 ಬಂತು. ಎರಡನೇ ತಿಂಗಳು ಪೂರ್ತಿ ದುಡಿದರೂ ಬಂದದ್ದು 22,900. ಕಂಪನಿಯವರು ಮೋಸ ಮಾಡುತ್ತಿದ್ದಾರಾ? ರೂಮಿನ ಗೆಳೆಯರು 'ಪಿಎಫ್ ಬೇಡ ಅಂತ ಬರೆದುಕೊಡು, ಕೈಗೆ ಜಾಸ್ತಿ ಬರುತ್ತೆ' ಅನ್ನುತ್ತಾರೆ. ಹಾಗೆ ಮಾಡಬಹುದಾ? ಪಗಾರ ಚೀಟಿ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಚೀಟಿಯನ್ನು ಸಾಲು ಸಾಲಾಗಿ ನೋಡಿದೆ. ಅದರಲ್ಲಿ ಮೋಸ ಕಾಣಲಿಲ್ಲ. ಆದರೆ ನಿಮಗೆ ಸಿಟಿಸಿ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಿಲ್ಲ, ಆ ತಪ್ಪು ಕಂಪನಿಯದೇ. ಕೆಲಸ ಕೊಡುವಾಗ ದೊಡ್ಡ ಅಂಕಿ ಹೇಳಿ, ಕೈಗೆ ಎಷ್ಟು ಬರುತ್ತದೆ ಅನ್ನುವುದನ್ನು ಹುಡುಗರ ಊಹೆಗೆ ಬಿಡುವುದು ಸರಿಯಲ್ಲ. ಉದ್ಯಮಬಾಗ್ ಇರಲಿ, ಮಚ್ಛೆ ಇರಲಿ, ಹೊಸದಾಗಿ ಸೇರಿದವರ ಮೊದಲ ಪ್ರಶ್ನೆ ಯಾವಾಗಲೂ ಇದೇ.

ಮುಧೋಳದವರು ಅಂದಿರಿ. ಹಾಗಾದರೆ ಕಬ್ಬಿನ ಬಿಲ್ ನೋಡಿರುತ್ತೀರಿ. ಟನ್ನಿಗೆ ಇಷ್ಟು ಎಫ್‌ಆರ್‌ಪಿ ಅಂತ ಸರ್ಕಾರ ಗೊತ್ತು ಮಾಡಿದ ಒಂದು ದರ ಇರುತ್ತದೆ. ಕಟಾವು, ಸಾಗಣೆ ಕಳೆದು ರೈತರ ಖಾತೆಗೆ ಬರುವುದು ಬೇರೆ. ಸಿಟಿಸಿಗೂ ಕೈಗೆ ಬರುವ ಪಗಾರಕ್ಕೂ ಇರುವ ಅಂತರ ಹಾಗೆಯೇ. ಒಂದೇ ದೊಡ್ಡ ವ್ಯತ್ಯಾಸ: ಕಟಾವಿನ ಹಣ ರೈತರಿಗೆ ಮರಳಿ ಬರುವುದಿಲ್ಲ. ನಿಮ್ಮ ಪಗಾರದಲ್ಲಿ ಕಡಿತವಾದ ಹಣದ ದೊಡ್ಡ ಪಾಲು ನಿಮ್ಮ ಹೆಸರಿನಲ್ಲೇ ಕೂಡುತ್ತಿದೆ. ಅದು ನಿಜವಾಗಿಯೂ ಕೂಡುತ್ತಿದೆಯಾ ಅಂತ ನೋಡುವುದು ನಿಮ್ಮ ಕೆಲಸ. ನನ್ನ ಉತ್ತರದಲ್ಲಿ ಮುಖ್ಯವಾದದ್ದು ಇದೇ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ 30,000 ಬಿಡಿಸೋಣ. ಸಿಟಿಸಿ ಅಂದರೆ ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ಬೀಳುವ ಒಟ್ಟು ಖರ್ಚು. ಅದು ನಿಮ್ಮ ಪಗಾರ ಅಲ್ಲ. ಅದರಲ್ಲಿ ಕಂಪನಿ ತನ್ನ ಪಾಲಿನಿಂದ ಕಟ್ಟುವ ಪಿಎಫ್ (ಭವಿಷ್ಯ ನಿಧಿ) 1,800 ರೂಪಾಯಿ ಇದೆ. ಪಿಎಫ್‌ನ ವಿಮೆ ಮತ್ತು ಆಡಳಿತ ಶುಲ್ಕ ಅಂತ 150 ಇದೆ. ಗ್ರಾಚುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕೊಡುವ ಹಣಕ್ಕೆ, ಅಂತ 721 ತೋರಿಸಿದ್ದಾರೆ. ಗುಂಪು ಆರೋಗ್ಯ ವಿಮೆಯ ಕಂತು 329. ಇನ್ನು 1,500 ರೂಪಾಯಿ 'ವೇರಿಯಬಲ್' ಅಂತ ಇದೆ, ಅದು ವರ್ಷದ ಕೊನೆಗೆ ಬರುವ ಹಣ. ಎಲ್ಲ ಕೂಡಿಸಿದರೆ 4,500. ಈ ಹಣ ಪ್ರತಿ ತಿಂಗಳು ನಿಮ್ಮ ಕೈಗೆ ಬರುವುದೇ ಇಲ್ಲ. ಉಳಿದ 25,500 ನಿಮ್ಮ ಗ್ರಾಸ್, ಅಂದರೆ ಕಡಿತಕ್ಕೆ ಮುಂಚಿನ ಪಗಾರ: ಮೂಲ ವೇತನ 15,000, ಮನೆ ಬಾಡಿಗೆ ಭತ್ಯೆ 6,000, ವಿಶೇಷ ಭತ್ಯೆ 4,500.

ನಿಜವಾದ ಕಡಿತ ಶುರುವಾಗುವುದು ಈ 25,500ರಿಂದ. ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200, ಕ್ಯಾಂಟೀನ್ 600. ಒಟ್ಟು 2,600. ಉಳಿದದ್ದು 22,900. ಅಂದರೆ 7,100 ಹೋಯಿತು ಅಂತ ನಿಮಗೆ ಅನಿಸಿದರೂ, ನಿಮ್ಮ ಪಗಾರದಿಂದ ಕಡಿತವಾದದ್ದು 2,600 ಮಾತ್ರ.

ಮೊದಲ ತಿಂಗಳ ಲೆಕ್ಕವೂ ಸರಿ ಇದೆ. 30 ದಿನದ ತಿಂಗಳಲ್ಲಿ 15 ದಿನ ದುಡಿದಿರಿ, ಗ್ರಾಸ್ 12,750 ಆಯಿತು. ಪಿಎಫ್ 900, ಕ್ಯಾಂಟೀನ್ 300 ಕಳೆದರೆ 11,550. ಆ ತಿಂಗಳು ವೃತ್ತಿ ತೆರಿಗೆ ಯಾಕೆ ಇರಲಿಲ್ಲ ಅಂದರೆ, ಪಗಾರ 25,000 ಮುಟ್ಟಲಿಲ್ಲ.

ವೃತ್ತಿ ತೆರಿಗೆ ರಾಜ್ಯ ಸರ್ಕಾರದ್ದು. ಕರ್ನಾಟಕದಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಪಗಾರ ಇದ್ದರೆ ಈ ತೆರಿಗೆ ಇಲ್ಲ. 25,000 ಆಯಿತೋ, 200 ರೂಪಾಯಿ. 2025ರ ಏಪ್ರಿಲ್‌ನಲ್ಲಿ ಬಂದ ನಿಯಮದಂತೆ ಫೆಬ್ರವರಿ ತಿಂಗಳಲ್ಲಿ ಮಾತ್ರ 300 ಹಿಡಿಯುತ್ತಾರೆ, ಹಾಗಾಗಿ ವರ್ಷಕ್ಕೆ 2,500 ಆಗುತ್ತದೆ. ಸಂವಿಧಾನದ 276ನೇ ವಿಧಿಯ ಪ್ರಕಾರ ಇದಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಆದ್ದರಿಂದ ಫೆಬ್ರವರಿಯಲ್ಲಿ ನಿಮಗೆ 100 ರೂಪಾಯಿ ಕಡಿಮೆ ಬಂದರೆ ಗಾಬರಿ ಬೇಡ. ಇನ್ನೊಂದು ಮಾತು. ನಿಮ್ಮ ಜೊತೆಗಾರರಲ್ಲಿ ಯಾರಿಗಾದರೂ 24,000 ಪಗಾರ ಇದ್ದು, ಒಂದು ತಿಂಗಳು ಓವರ್‌ಟೈಮ್ ಸೇರಿ 25,000 ದಾಟಿದರೆ, ಆ ತಿಂಗಳು ಅವರಿಗೂ 200 ಹೋಗುತ್ತದೆ. ಮುಂದಿನ ತಿಂಗಳು ಇರುವುದಿಲ್ಲ. ಇದನ್ನು ಕಂಪನಿಯ ತಪ್ಪು ಅಂದುಕೊಂಡು ಜಗಳ ಮಾಡಿದವರನ್ನು ಕಂಡಿದ್ದೇನೆ.

ಆದಾಯ ತೆರಿಗೆಯ ಚಿಂತೆ ನಿಮಗಿಲ್ಲ. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ. ನಿಮ್ಮದು 3.06 ಲಕ್ಷ. ಚೀಟಿಯಲ್ಲಿ ಟಿಡಿಎಸ್ (ಪಗಾರದಲ್ಲೇ ಹಿಡಿಯುವ ಆದಾಯ ತೆರಿಗೆ) ಅಂತ ಎಂದಾದರೂ ಕಂಡರೆ ಮಾತ್ರ ಹೋಗಿ ಕೇಳಿ. ಡಿಸೆಂಬರ್‌ನಲ್ಲಿ ಕಾರ್ಮಿಕ ಕಲ್ಯಾಣ ನಿಧಿ ಅಂತ ಒಂದು ಸಣ್ಣ ಮೊತ್ತ ಹೋಗಬಹುದು, ವರ್ಷಕ್ಕೆ ಒಮ್ಮೆ ಮಾತ್ರ. ಕ್ಯಾಂಟೀನ್ ಹಣ ನೀವು ಒಪ್ಪಿ ಊಟ ಮಾಡುತ್ತಿದ್ದರೆ ಸರಿ. ಡಬ್ಬಿ ಒಯ್ಯುತ್ತಿದ್ದರೆ ನಿಲ್ಲಿಸಿ ಅಂತ ಬರೆದುಕೊಡಿ.

ಇನ್ನು ಪಿಎಫ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ ಶೇ. 12 ನಿಮ್ಮಿಂದ, ಶೇ. 12 ಕಂಪನಿಯಿಂದ. ನಿಮ್ಮ 15,000ಕ್ಕೆ ಎರಡೂ ಕಡೆ 1,800. ನಿಮ್ಮ 1,800 ಪೂರ್ತಿ ನಿಮ್ಮ ಪಿಎಫ್ ಖಾತೆಗೆ ಹೋಗುತ್ತದೆ. ಕಂಪನಿಯ 1,800ರಲ್ಲಿ ಮಾತ್ರ ಎರಡು ಭಾಗ: 1,250 ಪಿಂಚಣಿ ನಿಧಿಗೆ, 550 ಪಿಎಫ್ ಖಾತೆಗೆ. ಹಾಗಾಗಿ ಪಾಸ್‌ಬುಕ್ ತೆಗೆದಾಗ 3,600 ಕಾಣುವುದಿಲ್ಲ. 1,800 ಮತ್ತು 550, ಪಕ್ಕದಲ್ಲಿ ಪಿಂಚಣಿ 1,250 ಕಾಣುತ್ತದೆ. ಕಂಪನಿಯವರು ಕಡಿಮೆ ಕಟ್ಟಿದ್ದಾರೆ ಅಂತ ಅನೇಕರು ತಿಳಿಯುವುದು ಇಲ್ಲೇ.

ತಿಂಗಳಿಗೆ 2,350, ವರ್ಷಕ್ಕೆ 28,200. 2024-25ಕ್ಕೆ ಬಡ್ಡಿ ಶೇ. 8.25 ಇತ್ತು. ಇದೇ ದರ ಮುಂದುವರಿದು, ನಿಮ್ಮ ಮೂಲ ವೇತನ ಒಂದು ರೂಪಾಯಿಯೂ ಏರದಿದ್ದರೂ, ಐದು ವರ್ಷಕ್ಕೆ ಸುಮಾರು 1.7 ಲಕ್ಷ ಆಗುತ್ತದೆ. ಅದರಲ್ಲಿ ನಿಮ್ಮ ಜೇಬಿನಿಂದ ಹೋದದ್ದು 1.08 ಲಕ್ಷ. ಇದಲ್ಲದೆ ಹತ್ತು ವರ್ಷದ ಸೇವೆ ಆದರೆ ಪಿಂಚಣಿಯ ಹಕ್ಕು ಬರುತ್ತದೆ. ಕಂಪನಿ ವಿಮೆ ಮತ್ತು ಆಡಳಿತ ಶುಲ್ಕ ಅಂತ ಕಟ್ಟುವ ಆ 150ರಲ್ಲಿ ಅರ್ಧ ಹೋಗುವುದು ಜೀವ ವಿಮೆಗೆ. ಕೆಲಸದಲ್ಲಿ ಇರುವಾಗಲೇ ಏನಾದರೂ ಆದರೆ ನಾಮಿನಿಗೆ ಗರಿಷ್ಠ 7 ಲಕ್ಷದವರೆಗೆ ಸಿಗುತ್ತದೆ. ಇದಕ್ಕೆ ನೀವು ಒಂದು ಪೈಸೆ ಕಟ್ಟುವುದಿಲ್ಲ. ಆದರೆ ನಾಮಿನಿ ಹೆಸರು ಹಾಕಿರಬೇಕು. ಪಿಎಫ್ ವೆಬ್‌ಸೈಟಿನಲ್ಲಿ ಇ-ನಾಮಿನೇಶನ್ ಮಾಡಿ, ಅಪ್ಪ-ಅವ್ವನ ಆಧಾರ್ ಮತ್ತು ಫೋಟೊ ಹಾಕಿ. ಇದನ್ನು ಈ ವಾರವೇ ಮುಗಿಸಿ. ನಾಮಿನಿ ಇಲ್ಲದ ಖಾತೆಯ ಹಣಕ್ಕಾಗಿ ಮನೆಯವರು ವಾರಸಾ ಪ್ರಮಾಣಪತ್ರ ಹಿಡಿದು ಅಲೆಯುವುದು ನೋಡಲಾಗದ ಸಂಕಟ.

ಗೆಳೆಯರ ಸಲಹೆಗೆ ಉತ್ತರ: ಆಗುವುದಿಲ್ಲ, ಆಗುವಂತಿದ್ದರೂ ಮಾಡಬೇಡಿ. ಪಿಎಫ್ ಅನ್ವಯವಾಗುವ ಕಂಪನಿಯಲ್ಲಿ ವೇತನ 15,000ದ ಒಳಗಿದ್ದರೆ ಪಿಎಫ್ ಕಡ್ಡಾಯ. ನಿಮ್ಮದು ಸರಿಯಾಗಿ 15,000. ಮೊದಲ ಬಾರಿ ಕೆಲಸಕ್ಕೆ ಸೇರುವಾಗಲೇ ಅದಕ್ಕಿಂತ ಜಾಸ್ತಿ ಮೂಲ ವೇತನ ಇದ್ದವರು ಮಾತ್ರ, ಸೇರುವ ಹೊತ್ತಿಗೇ, ಬೇಡ ಅನ್ನಬಹುದು. ಒಮ್ಮೆ ಸದಸ್ಯರಾದ ಮೇಲೆ ಆ ಬಾಗಿಲು ಇಲ್ಲ. ನಿಮ್ಮ ಗೆಳೆಯರಲ್ಲಿ ಯಾರಿಗಾದರೂ ಪಿಎಫ್ ಇಲ್ಲ ಅಂದರೆ ಅವರು ಅಪ್ರೆಂಟಿಸ್ ಆಗಿರಬಹುದು. ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಪಿಎಫ್ ಇರುವುದಿಲ್ಲ. ಅದನ್ನು ನೋಡಿ ನಿಮಗೂ ಬೇಡ ಅನಿಸುವುದು ಬೇಡ. ತಿಂಗಳಿಗೆ 1,800 ಕೈಗೆ ಬಂದರೆ ಅದು ತಿಲಕವಾಡಿಯ ಹೋಟೆಲುಗಳಲ್ಲಿ, ಮೊಬೈಲ್ ಕಂತಿನಲ್ಲಿ ಕರಗುತ್ತದೆ. ಇಪ್ಪತ್ತೆರಡರ ವಯಸ್ಸಿಗೆ ಯಾರೂ ತಾವಾಗಿ ಉಳಿಸುವುದಿಲ್ಲ, ಇದರಲ್ಲಿ ನಾಚಿಕೆಯ ಮಾತೇನಿಲ್ಲ.

ಈಗ ಮುಖ್ಯ ವಿಷಯಕ್ಕೆ ಬಂದೆ. ಚೀಟಿಯಲ್ಲಿ 'ಪಿಎಫ್ 1,800' ಅಂತ ಅಚ್ಚಾದರೆ ಹಣ ಕಟ್ಟಿದರು ಅಂತ ಅರ್ಥ ಅಲ್ಲ. ಕಡಿತ ಮಾಡಿದರು ಅಂತ ಮಾತ್ರ ಅರ್ಥ. ದೊಡ್ಡ ಕಂಪನಿಗಳಲ್ಲಿ ಈ ತೊಂದರೆ ಕಡಿಮೆ. ಆದರೆ ಸಣ್ಣ ಘಟಕಗಳಲ್ಲಿ, ಅದರಲ್ಲೂ ಗುತ್ತಿಗೆದಾರರ ಮೂಲಕ ಸೇರಿದವರಿಗೆ, ಪಗಾರದಲ್ಲಿ ಹಿಡಿದ ಹಣ ತಿಂಗಳುಗಟ್ಟಲೆ ಖಾತೆ ಸೇರದ ಉದಾಹರಣೆ ನೋಡಿದ್ದೇನೆ. ಗುತ್ತಿಗೆದಾರ ಬದಲಾದ ಮೇಲೆ ಕೇಳಲು ಹೋದರೆ ಕೇಳುವವರೇ ಇರುವುದಿಲ್ಲ. ಎರಡು ವರ್ಷ ಫರ್ನೇಸ್ ಮುಂದೆ ನಿಂತು ದುಡಿದ ಹುಡುಗನ ಪಾಸ್‌ಬುಕ್‌ನಲ್ಲಿ ನಾಲ್ಕೇ ತಿಂಗಳ ಜಮೆ ಇದ್ದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ನೋಡುವುದು ಕಷ್ಟ ಏನಲ್ಲ. ಒಂದು ತಿಂಗಳ ಪಿಎಫ್ ಹಣವನ್ನು ಕಂಪನಿ ಮುಂದಿನ ತಿಂಗಳ 15ರ ಒಳಗೆ ಕಟ್ಟಬೇಕು. ನಿಮಗೆ ಯುಎಎನ್ ಅನ್ನುವ 12 ಅಂಕಿಯ ಪಿಎಫ್ ಗುರುತಿನ ಸಂಖ್ಯೆ ಇರುತ್ತದೆ, ಚೀಟಿಯಲ್ಲೇ ಅಚ್ಚಾಗಿದೆ ನೋಡಿ. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಅದನ್ನು ಹಾಕಿ ಪಾಸ್‌ಬುಕ್ ತೆರೆಯಿರಿ. ಯುಎಎನ್‌ಗೆ ಜೋಡಿಸಿದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೂ ಖಾತೆಯಲ್ಲಿ ಎಷ್ಟು ಹಣ ಇದೆ ಅಂತ ಎಸ್‌ಎಂಎಸ್ ಬರುತ್ತದೆ. ಪ್ರತಿ ತಿಂಗಳು 20ರ ನಂತರ ಒಮ್ಮೆ ನೋಡುವ ರೂಢಿ ಮಾಡಿಕೊಳ್ಳಿ. ಒಂದು ತಿಂಗಳು ತಪ್ಪಿದರೆ ಸಮಾಧಾನದಿಂದ ಕೇಳಿ. ಎರಡು ತಿಂಗಳು ತಪ್ಪಿದರೆ ಮೇಲ್ ಬರೆದು ಕೇಳಿ.

ನಮ್ಮ ಭಾಗದವರಿಗೆ ಇಲ್ಲಿ ಇನ್ನೊಂದು ತೊಡಕು ಇದೆ. ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ಬರೆಯುವ ರೂಢಿ ನಮ್ಮದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಬ್ಯಾಂಕಿನಲ್ಲಿ ಬರೀ ಇನಿಶಿಯಲ್. ಪಾಟೀಲ, ಕುಲಕರ್ಣಿ ಅನ್ನುವ ಹೆಸರುಗಳನ್ನೇ ಇಂಗ್ಲಿಷಿನಲ್ಲಿ ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ. ಪಿಎಫ್ ಖಾತೆಯ ಹೆಸರು, ಹುಟ್ಟಿದ ದಿನ ಆಧಾರ್‌ಗೆ ಅಕ್ಷರಶಃ ಹೊಂದದಿದ್ದರೆ ಹಣ ತೆಗೆಯುವಾಗ ಅರ್ಜಿ ತಿರಸ್ಕಾರ ಆಗುತ್ತದೆ. ಆ ಹೊತ್ತಿಗೆ ನೀವು ಪುಣೆಯಲ್ಲೋ ಬೆಂಗಳೂರಲ್ಲೋ ಇರುತ್ತೀರಿ. ಇದೇ ಕಂಪನಿಯಲ್ಲಿ ಇರುವಾಗಲೇ ಸರಿ ಮಾಡಿಸಿಕೊಳ್ಳಿ.

ಚೀಟಿಯ ಕಡಿತದ ಕಡೆ 1,800ರ ಬದಲು 3,600 ಇದ್ದರೆ? ನಿಮ್ಮದರಲ್ಲಿ ಹಾಗಿಲ್ಲ, ಆದರೆ ಕೆಲವರದರಲ್ಲಿ ಇರುತ್ತದೆ. ಆಗ ಗಳಿಕೆಯ ಕಡೆ ನೋಡಬೇಕು. ಕಂಪನಿಯ ಪಾಲನ್ನು ಮೊದಲು ಗಳಿಕೆಗೆ ಸೇರಿಸಿ ಆಮೇಲೆ ಕಳೆದಿದ್ದರೆ ಅದು ಬರೀ ತೋರಿಸುವ ರೀತಿ. ಸೇರಿಸದೆ ಕಳೆದಿದ್ದರೆ, ಕಂಪನಿ ತನ್ನ ಪಾಲನ್ನು ನಿಮ್ಮ ಪಗಾರದಿಂದ ಕಟ್ಟುತ್ತಿದೆ ಅಂತ ಅರ್ಥ. ಇದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ.

ನಿಮ್ಮ ಚೀಟಿಯಲ್ಲಿ ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಇಲ್ಲ, ಯಾಕೆಂದರೆ ಪಗಾರ 21,000 ದಾಟಿದೆ. ಆದರೆ ರೂಮಿನ ಗೆಳೆಯರಿಗೆ ಇದ್ದರೆ ಇದನ್ನು ತೋರಿಸಿ. 18,000 ಪಗಾರಕ್ಕೆ ಅವರಿಂದ ಹೋಗುವುದು ಶೇ. 0.75, ಅಂದರೆ 135 ರೂಪಾಯಿ. ಕಂಪನಿ ಶೇ. 3.25, ಅಂದರೆ 585 ಕಟ್ಟುತ್ತದೆ. ಇದಕ್ಕೆ ಅವರಿಗೂ, ಅವರನ್ನೇ ನಂಬಿದ ತಂದೆ-ತಾಯಿಗೂ ಚಿಕಿತ್ಸೆ ಸಿಗುತ್ತದೆ. ಕಾಯಿಲೆ ಬಿದ್ದು ರಜೆ ಹಾಕಿದರೆ, ಅರ್ಹತೆ ಇದ್ದವರಿಗೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ. 70 ಸಿಗುತ್ತದೆ. ಬೆಳಗಾವಿಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಇಷ್ಟಿದ್ದರೂ ಇಎಸ್‌ಐನ ಗುರುತಿನ ಚೀಟಿಯಾದ ಇ-ಪೆಹಚಾನ್ ಕಾರ್ಡ್ ತೆಗೆಸದೆ, ಮನೆಯವರ ಹೆಸರು ಸೇರಿಸದೆ, ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಹೋಗುವವರು ಬಹಳ. ಪಗಾರ ಏರಿ ನಡುವೆ 21,000 ದಾಟಿದರೆ, ಆ ಅವಧಿ ಮುಗಿಯುವ ತನಕ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್‌ವರೆಗೆ, ಕಡಿತ ಮುಂದುವರಿಯುತ್ತದೆ. ಅದೂ ಸರಿಯೇ.

ಗ್ರಾಚುಟಿ 721ರ ಬಗ್ಗೆ ನನಗೆ ಒಂದು ತಕರಾರು ಇದೆ. ಕಾಯಂ ನೌಕರರಿಗೆ ಗ್ರಾಚುಟಿ ಸಿಗುವುದು ಐದು ವರ್ಷ ಸೇವೆ ಮಾಡಿದ ಮೇಲೆ. ಮೂರು ವರ್ಷಕ್ಕೆ ಬಿಟ್ಟರೆ ಈ ಹಣ ನಿಮ್ಮದಲ್ಲ. ಹೀಗಿದ್ದೂ ಸಿಟಿಸಿಯಲ್ಲಿ ಸೇರಿಸಿ ಅಂಕಿ ದೊಡ್ಡದು ಮಾಡುವುದು ಈಗ ಎಲ್ಲ ಕಡೆ ರೂಢಿ ಆಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ, ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚುಟಿಯ ಹಕ್ಕು ಇದೆ. ನಿಮ್ಮ ನೇಮಕಾತಿ ಪತ್ರ ತೆಗೆದು ಯಾವ ರೀತಿಯ ನೇಮಕ ಅಂತ ಓದಿ. ಪತ್ರ ಕೊಟ್ಟಿಲ್ಲ ಅಂದರೆ ಕೇಳಿ ಪಡೆಯಿರಿ, ಕೊಡುವುದು ಈಗ ಕಡ್ಡಾಯ.

ಅದೇ ಸಂಹಿತೆಯಲ್ಲಿ ಇನ್ನೊಂದು ಒಳ್ಳೆಯ ನಿಯಮ ಇದೆ. ಮೂಲ ವೇತನ ಕಡಿಮೆ ಇಟ್ಟು, ಭತ್ಯೆಗಳನ್ನು ಬೆಳೆಸಿ, ಪಿಎಫ್ ಉಳಿಸುವ ಚಾಳಿ ಕಂಪನಿಗಳಲ್ಲಿ ಇತ್ತು. ಈಗ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗವೂ ವೇತನದ ಲೆಕ್ಕಕ್ಕೆ ಸೇರುತ್ತದೆ. ಒಟ್ಟು 18,000ದಲ್ಲಿ ಮೂಲ ವೇತನ 8,000 ಮಾತ್ರ ಇದ್ದರೂ, ಲೆಕ್ಕಕ್ಕೆ 9,000 ಹಿಡಿಯಬೇಕು. ಇದರಿಂದ ಕೈಗೆ ಬರುವುದು ಸ್ವಲ್ಪ ಕಡಿಮೆ ಆಗಬಹುದು, ಪಿಎಫ್ ಏರುತ್ತದೆ. ನಿಮ್ಮದು ಆಗಲೇ ಅರ್ಧಕ್ಕಿಂತ ಜಾಸ್ತಿ ಇದೆ, ನಿಮಗೆ ಬದಲಾವಣೆ ಇಲ್ಲ.

ಆ 1,500 ವೇರಿಯಬಲ್ ಬಗ್ಗೆ ಎಚ್‌ಆರ್ ಹತ್ತಿರ ಎರಡು ಪ್ರಶ್ನೆ ಕೇಳಿ. ಇದು ಕಾನೂನಿನ ಬೋನಸ್ಸಾ, ಇಲ್ಲಾ ಕೆಲಸ ನೋಡಿ ಕೊಡುವ ಹಣವಾ? ಮೂಲ ವೇತನ 21,000ದ ಒಳಗೆ ಇರುವವರಿಗೆ ಕನಿಷ್ಠ ಶೇ. 8.33 ಬೋನಸ್ ಕಾನೂನಿನ ಹಕ್ಕು. ದೀಪಾವಳಿ ಹೊತ್ತಿಗೆ ಎಲ್ಲರೂ ಕಾಯುವುದು ಇದಕ್ಕೇ. ಎರಡನೆಯದು, ನಡುವೆ ಕೆಲಸ ಬಿಟ್ಟರೆ ದುಡಿದ ತಿಂಗಳುಗಳ ಪಾಲು ಸಿಗುತ್ತದಾ? ಉತ್ತರ ಮೇಲ್‌ನಲ್ಲಿ ಪಡೆಯಿರಿ. ಬಾಯಿ ಮಾತು ಮಾರ್ಚ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ನೀವು ಕೇಳದೇ ಇರುವ ಒಂದು ವಿಷಯ ಹೇಳಲೇಬೇಕು, ಅದರಲ್ಲಿ ನಿಮಗೆ ಹಣ ಇದೆ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಅಂತ ಒಂದು ಇದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಮೊದಲ ಬಾರಿ ಪಿಎಫ್ ಸದಸ್ಯರಾದ, ತಿಂಗಳಿಗೆ 1 ಲಕ್ಷದೊಳಗೆ ಪಗಾರ ಇರುವವರಿಗೆ ಇದು ಅನ್ವಯ. ಒಂದು ತಿಂಗಳ ಪಿಎಫ್ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ ಸರ್ಕಾರ ಕೊಡುತ್ತದೆ. ಮೊದಲ ಕಂತು ಆರು ತಿಂಗಳ ಸೇವೆಯ ನಂತರ. ಎರಡನೆಯದು 12 ತಿಂಗಳಾಗಿ, ಆನ್‌ಲೈನ್‌ನಲ್ಲಿ ಹಣಕಾಸಿನ ತಿಳಿವಳಿಕೆಯ ಒಂದು ಪಾಠ ಮುಗಿಸಿದ ಮೇಲೆ. ಒಂದು ಭಾಗವನ್ನು ಕೆಲವು ಕಾಲ ಉಳಿತಾಯದಲ್ಲಿ ಇಡುತ್ತಾರೆ. ಇದಕ್ಕೆ ನಿಮ್ಮ ಯುಎಎನ್ ಉಮಂಗ್‌ನಲ್ಲಿ ಮುಖ ದೃಢೀಕರಣದಿಂದ ಚಾಲೂ ಆಗಿರಬೇಕು, ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಿಸಿರಬೇಕು. ನೀವು ಈ ಅವಧಿಯಲ್ಲೇ ಸೇರಿದ್ದರೆ ಎರಡನ್ನೂ ನಾಳೆಯೇ ನೋಡಿ. ನಾಲ್ಕನೇ ತಿಂಗಳಿಗೆ ಬೇರೆ ಕಡೆ 1,000 ಜಾಸ್ತಿ ಕೊಡುತ್ತಾರೆ ಅಂತ ಹಾರುವ ಮೊದಲು ಈ ಲೆಕ್ಕವನ್ನೂ ಇಟ್ಟುಕೊಳ್ಳಿ.

ಮುಂದೆ ಎಂದಾದರೂ ಕೆಲಸ ಬದಲಿಸಿದರೆ ಹಳೇ ಪಿಎಫ್ ತೆಗೆದು ಖರ್ಚು ಮಾಡಬೇಡಿ. ಹೊಸ ಕಂಪನಿಗೆ ಅದೇ ಯುಎಎನ್ ಕೊಡಿ, ಹಣ ವರ್ಗಾಯಿಸಿ. ಪಿಂಚಣಿಯ ಹತ್ತು ವರ್ಷ ಕೂಡುತ್ತಾ ಹೋಗುವುದು ಹಾಗೆ. ಐದು ವರ್ಷದ ಒಳಗೆ ತೆಗೆದರೆ ಆ ಹಣ ತೆರಿಗೆಗೂ ಒಳಪಡಬಹುದು.

ಮನೆಯಲ್ಲಿ ಏನು ಹೇಳಬೇಕು ಅಂತ ನೀವು ಕೇಳಿಲ್ಲ, ಆದರೂ ಅದೇ ನಿಮ್ಮನ್ನು ಕಾಡುತ್ತಿದೆ ಅನಿಸಿತು. 22,900 ಕೈಗೆ, 2,350 ಪಿಎಫ್‌ನಲ್ಲಿ ನನ್ನ ಹೆಸರಿಗೆ ಅಂತ ಹೇಳಿ. ಊರಿಗೆ ಕಳಿಸುವ ಹಣ, ಬಾಡಿಗೆ, ಬಸ್ ಪಾಸ್ ಎಲ್ಲವನ್ನೂ 22,800ಕ್ಕೆ ಹೊಂದಿಸಿ, ಫೆಬ್ರವರಿಯೂ ಅದರಲ್ಲೇ ಹಿಡಿಸುತ್ತದೆ. 30,000 ಅನ್ನುವ ಅಂಕಿ ನಂಬಿ ಬೈಕಿನ ಕಂತು ಮಾತ್ರ ಹಾಕಿಕೊಳ್ಳಬೇಡಿ.

ಪಾಸ್‌ಬುಕ್‌ನಲ್ಲಿ ಜಮೆ ತಪ್ಪಿ, ಕಂಪನಿಯೂ ಉತ್ತರ ಕೊಡದಿದ್ದರೆ ಪಿಎಫ್ ಸಂಸ್ಥೆಯ ದೂರು ಪೋರ್ಟಲ್‌ನಲ್ಲಿ ಯುಎಎನ್ ಹಾಕಿ ದೂರು ಕೊಡಬಹುದು. ಪಗಾರ ಚೀಟಿಗಳೇ ಅಲ್ಲಿ ಸಾಕ್ಷಿ, ಆದ್ದರಿಂದ ಪ್ರತಿ ತಿಂಗಳದ್ದನ್ನೂ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಕಂಪನಿಯ ಮೇಲ್ ಕೆಲಸ ಬಿಟ್ಟ ದಿನವೇ ಬಂದ್ ಆಗುತ್ತದೆ. ಎದುರು ಕೂತು ಮಾತಾಡಬೇಕು ಅನಿಸಿದರೆ, ಪ್ರತಿ ತಿಂಗಳ 27ರಂದು ಪಿಎಫ್ ಅಧಿಕಾರಿಗಳು 'ನಿಧಿ ಆಪಕೆ ನಿಕಟ್' ಅನ್ನುವ ಶಿಬಿರವನ್ನು ಜಿಲ್ಲೆಗಳಲ್ಲೇ ನಡೆಸುತ್ತಾರೆ. ಆ ದಿನ ರಜೆ ಇದ್ದರೆ ಮುಂದಿನ ಕೆಲಸದ ದಿನ. ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಗುತ್ತಿಗೆಯಲ್ಲಿರುವ ಗೆಳೆಯರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.